ಪೂರ್ತಿ ಲೋಹದ್ದೇ ಬೇಕು ಅಂತ ಹೊರಟೆ

ನನಗೆ ಪ್ಲಾಸ್ಟಿಕ್ ಕಂಡರೆ ಆಗುವುದಿಲ್ಲ. ಇದು ಕೆಲಸದಿಂದ ಅಂಟಿದ ರೋಗ. ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮೂವತ್ತು ವರ್ಷ ಡೈ, ಅಂದರೆ ಲೋಹ ಎರೆಯುವ ಅಚ್ಚು, ಮಾಡಿದವನು ನಾನು. ಊರು ಗದಗ, ಅನ್ನ ಕೊಟ್ಟದ್ದು ಪುಣೆ. ಕೈಗೆ ತಣ್ಣಗೆ, ಭಾರವಾಗಿ ಸಿಗದ ವಸ್ತುವಿನ ಮೇಲೆ ನನಗೆ ನಂಬಿಕೆ ಹುಟ್ಟುವುದೇ ಇಲ್ಲ. ಹಾಗಾಗಿ ರಿವಾಲ್ವರ್-ಪಿಸ್ತೂಲಿನ ಲೈಸೆನ್ಸ್ ಕೈಗೆ ಬಂದ ದಿನವೇ ತೀರ್ಮಾನ ಮಾಡಿಬಿಟ್ಟೆ: ಕೊಂಡರೆ ಪೂರ್ತಿ ಲೋಹದ್ದೇ.

ಲೈಸೆನ್ಸ್ ಯಾಕೆ ಬೇಕಾಯಿತು ಅನ್ನೋದು ಇಲ್ಲಿ ಬೇಡ. ಅದನ್ನು ಅರ್ಜಿಯಲ್ಲಿ ಬರೆದಿದ್ದೆ. ಪಿಂಪ್ರಿ-ಚಿಂಚವಡ ಪೊಲೀಸ್ ಕಮಿಷನರ್ ಕಚೇರಿಯವರು ವಿಚಾರಿಸಿದರು, ಒಪ್ಪಿದರು. 2018ರಲ್ಲಿ ನಮ್ಮ ಕಡೆಗೇ ಬೇರೆ ಕಮಿಷನರೇಟ್ ಆದದ್ದರಿಂದ ಪುಣೆ ನಗರಕ್ಕೆ ಓಡಾಟ ತಪ್ಪಿತು. ವೈದ್ಯರ ಸರ್ಟಿಫಿಕೇಟು, ತರಬೇತಿ ಸರ್ಟಿಫಿಕೇಟು, ಮನೆಯಲ್ಲಿ ಎಲ್ಲಿ ಭದ್ರವಾಗಿ ಇಡುತ್ತೀರಿ ಅನ್ನುವ ಪ್ರಶ್ನೆ, ಎಲ್ಲ ಮುಗಿಯಲು ತಿಂಗಳುಗಳೇ ಹಿಡಿದವು. ಒಂದು ಮಾತು ಮಾತ್ರ ಹೇಳುತ್ತೇನೆ. ಲೈಸೆನ್ಸ್ ಬಂದ ಮೇಲೆ ಆಯುಧ ಕೊಳ್ಳಲು ಗಡುವು ಇರುತ್ತದೆ. ಖುಷಿಯಲ್ಲಿ ಪೇಡೆ ಹಂಚುವ ಮುಂಚೆ ಆ ತಾರೀಕು ಓದಿಕೊಳ್ಳಿ.

ನಮ್ಮಂಥವರಿಗೆ ಸಿಗುವುದು ನಿಷೇಧಿತವಲ್ಲದ ಬೋರ್ (ನಳಿಗೆಯ ಅಳತೆ) ಮಾತ್ರ. 9 ಮಿ.ಮೀ., .38, .45 ಇವೆಲ್ಲ ನಮಗಲ್ಲ. ಅಂಗಡಿಯಲ್ಲಿ ಹೆಚ್ಚಾಗಿ ಇರುವುದು .32. ಇಲ್ಲೇ ನಾನು ಮೊದಲು ಎಡವಿದ್ದು. .32 ಅಂದರೆ ಒಂದೇ ಕಾಡತೂಸು ಅಂದುಕೊಂಡಿದ್ದೆ. ಅಲ್ಲ. ರಿವಾಲ್ವರಿಗೆ ಹಾಕುವುದು .32 ಸ್ಮಿತ್ ಅಂಡ್ ವೆಸನ್ ಲಾಂಗ್, ಉದ್ದನೆಯದು, ಬುಡದಲ್ಲಿ ಅಗಲವಾದ ಅಂಚು ಇರುವುದು. ಪಿಸ್ತೂಲಿಗೆ ಹಾಕುವುದು .32 ಎಸಿಪಿ, ಅಂದರೆ 7.65 ಮಿ.ಮೀ., ಗಿಡ್ಡದು. ಒಂದರದ್ದು ಇನ್ನೊಂದಕ್ಕೆ ಆಗಿಬರುವುದಿಲ್ಲ. ರಿವಾಲ್ವರೋ ಪಿಸ್ತೂಲೋ ಅಂತ ಮೊದಲು ನಿರ್ಧಾರವಾಗಬೇಕು, ಲೋಹ ಆಮೇಲೆ.

ಈ ಹುಡುಕಾಟದಲ್ಲಿ ನನಗೆ ಜೊತೆಯಾದವರು ನಮ್ಮ ಕಾಲೊನಿಯ ಸುಬೇದಾರ್ ಸಾಹೇಬರು. ಬೆಳಗಾವಿಯವರು, ಫೌಜಿನಿಂದ ನಿವೃತ್ತರಾಗಿ ಇಲ್ಲೇ ನೆಲೆಸಿದ್ದಾರೆ. ಮೊದಲ ಅಂಗಡಿಯಲ್ಲಿ ನಾನು "ಫುಲ್ ಮೆಟಲ್ ತೋರಿಸಿ" ಅಂದಾಗ ಅವರು ನಕ್ಕರು. "ಸಾಹೇಬ್ರ, ನಿಮ್ಮ ಫ್ಯಾಕ್ಟರಿ ಒಳಗ ಒಂದ ಲೋಹ ಐತೇನ್ರಿ?"

ಅವರ ಮಾತು ಸರಿ. ಜಿಂಕಿನ ಮಿಶ್ರಲೋಹ ಜಮಾಕ್ ಕೂಡ ಲೋಹವೇ. ಆಟಿಕೆ ಪಿಸ್ತೂಲಿನ ಡಬ್ಬಿಯ ಮೇಲೂ ಫುಲ್ ಮೆಟಲ್ ಅಂತಲೇ ಬರೆದಿರುತ್ತಾರೆ. ಜಮಾಕ್ ಸುಮಾರು 385 ಡಿಗ್ರಿಗೆ ಕರಗುತ್ತದೆ. ನಲ್ಲಿ, ಬಾಗಿಲಿನ ಹಿಡಿಕೆಗಳಿಗೆ ಬೇಕಾದ ಅದರ ಡೈಗಳನ್ನು ನಾನೇ ನೂರಾರು ಮಾಡಿದ್ದೇನೆ. ಎತ್ತಿದರೆ ಭಾರ, ಬಿದ್ದರೆ ಚೂರು. ಹಾಗಾಗಿ ನಿಜವಾದ ಆಯುಧದ ಮುಂದೆ ನಿಂತಾಗಲೂ ಕೇಳಬೇಕಾದದ್ದು "ಲೋಹವಾ?" ಅಂತಲ್ಲ, "ಯಾವ ಭಾಗ ಯಾವ ಲೋಹ?" ಅಂತ. ಬ್ಯಾರಲ್ ಅಂದರೆ ನಳಿಗೆ, ಸಿಲಿಂಡರ್ ಅಂದರೆ ಗುಂಡು ತುಂಬುವ ತಿರುಗುವ ಉರುಳೆ, ಫ್ರೇಮ್ ಅಂದರೆ ಮೈಕಟ್ಟು, ಈ ಮೂರಕ್ಕೂ ಬೇರೆ ಬೇರೆಯಾಗಿ ಉತ್ತರ ಬೇಕು.

ಹಳೆಯ ವಿದೇಶಿ ಪಿಸ್ತೂಲುಗಳ ಮೋಹ ನನಗೂ ಇತ್ತು. 1980ರ ದಶಕದ ಮಧ್ಯದಿಂದ ಸಾಮಾನ್ಯರಿಗೆ ಆಮದು ಬಂದ್ ಆಗಿದೆ. ಅದಕ್ಕೆ ಮುಂಚೆ ಬಂದ ವಾಲ್ಥರ್, ವೆಬ್ಲಿ, ಕೋಲ್ಟ್‌ಗಳೇ ಕೈಯಿಂದ ಕೈಗೆ ಸುತ್ತುತ್ತಿವೆ. ಬೆಲೆ ಲಕ್ಷಗಟ್ಟಲೆ. ವಾಲ್ಥರ್ ಪಿಪಿ ಮೊದಲು ಬಂದದ್ದು 1929ರಲ್ಲಿ. ಆ ಮಾದರಿಯ ಉಕ್ಕಿನ ಕೆಲಸ ನೋಡಿದರೆ ನಮ್ಮಂಥವರು ಕೈ ಮುಗಿಯಬೇಕು. ಮುಂಬೈನಲ್ಲಿ ಒಬ್ಬರು ಮಾರುತ್ತಿದ್ದ ಹಳೆಯ ಪಿಸ್ತೂಲ್ ನೋಡಲು ಡೀಲರ್ ಮೂಲಕ ಹೋದೆವು. ಹೊರಗೆ ಕನ್ನಡಿಯ ಹೊಳಪು. ಸಣ್ಣ ಟಾರ್ಚ್ ಹಿಡಿದು ನಳಿಗೆಯೊಳಗೆ ಇಣುಕಿದೆ. ತುಕ್ಕು ತಿಂದ ಗುಂಡಿಗಳು, ಮೊಡವೆ ಮುಖ! ವರ್ಷಾನುಗಟ್ಟಲೆ ಚರ್ಮದ ಚೀಲದಲ್ಲೇ ಇಟ್ಟಿದ್ದರಂತೆ. ಚರ್ಮ ತೇವ ಹೀರುತ್ತದೆ, ಜೊತೆಗೆ ಮುಂಬೈನ ಉಪ್ಪು ಗಾಳಿ ಬೇರೆ. ಹೊರಗಿನ ಹೊಳಪು ಆಮೇಲೆ ಮತ್ತೆ ಬ್ಲೂಯಿಂಗ್ (ತುಕ್ಕು ತಡೆಯುವ ನೀಲಿಗಪ್ಪು ಮೆರುಗು) ಮಾಡಿಸಿದ್ದು, ಅಕ್ಷರಗಳ ಅಂಚು ಸವೆದು ಮೊಂಡಾಗಿದ್ದರಿಂದಲೇ ಗೊತ್ತಾಗುತ್ತಿತ್ತು. ಪಾಲಿಶ್ ಚಕ್ರಕ್ಕೆ ಹಿಡಿದ ಉಕ್ಕಿನಲ್ಲಿ ಅಕ್ಷರ ಚೂಪಾಗಿ ಉಳಿಯುವುದಿಲ್ಲ. ಚಹಾ ಕುಡಿದು ವಾಪಸ್ ಬಂದೆವು.

ಆಮೇಲೆ ಹಗುರದ ಆಸೆ. 2014ರಲ್ಲಿ ಕಾನ್ಪುರದ ಸರ್ಕಾರಿ ಆಯುಧ ಕಾರ್ಖಾನೆ ನಿರ್ಭೀಕ್ ಅನ್ನುವ .32 ರಿವಾಲ್ವರ್ ತಂದಿತ್ತು. ಟೈಟಾನಿಯಂ ಮಿಶ್ರಲೋಹ, ತೂಕ 500 ಗ್ರಾಂ, ಆಗಿನ ಬೆಲೆ 1.22 ಲಕ್ಷ. 2023ರಲ್ಲಿ ಬಂದ ಪ್ರಬಲ್ 675 ಗ್ರಾಂ, ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ಮಾದರಿ. ಹಳೆಯ .32 ಮಾರ್ಕ್ 3 ರಿವಾಲ್ವರ್ ಸುಮಾರು 700 ಗ್ರಾಂ. ಅದು ವೆಬ್ಲಿಯ ವಂಶದ್ದು, ನಡುವಿಗೆ ಮುರಿದಂತೆ ಮೇಲಿನಿಂದ ತೆರೆದುಕೊಳ್ಳುತ್ತದೆ.

ಕಾಗದದ ಮೇಲಿನ ಗ್ರಾಂ ಲೆಕ್ಕ ಕೈಗೆ ಏನೂ ಹೇಳುವುದಿಲ್ಲ ಅಲ್ವಾ? ಕಾರ್ಖಾನೆಯಲ್ಲಿ 25 ಮಿ.ಮೀ. ಎಂಎಸ್ ರೌಂಡ್ ಬಾರ್, ಅಂದರೆ ಸಾದಾ ಉಕ್ಕಿನ ದುಂಡು ಸರಳು, ಇತ್ತು. 13 ಸೆಂ.ಮೀ. ಕಡಿದರೆ ಹೆಚ್ಚೂಕಡಿಮೆ 500 ಗ್ರಾಂ, 18 ಸೆಂ.ಮೀ. ಕಡಿದರೆ 700. ಎರಡನ್ನೂ ಮನೆಗೆ ತಂದೆ. ರಾತ್ರಿ ಧಾರಾವಾಹಿ ನಡೆಯುವಾಗ ಕೈ ಚಾಚಿ ಒಂದೊಂದು ನಿಮಿಷ ಹಿಡಿಯುತ್ತಿದ್ದೆ. ಒಂದು ವಾರ ಸುಮ್ಮನಿದ್ದ ಹೆಂಡತಿ ಕೊನೆಗೆ, "ಮಿಕ್ಸರ್ ತಗೋಳೋವಾಗ ಇದರಾಗ ಕಾಲು ಭಾಗನೂ ನೋಡ್ಲಿಲ್ಲ ನೀವು" ಅಂದಳು. ನಿಜವೇ.

ಹಿಡಿಯಲು 500 ಗ್ರಾಂ ಸುಖ, ಸಂಶಯವಿಲ್ಲ. ಆದರೆ ಅದೇ ಕಾಡತೂಸು ಹಾರಿದಾಗ 700 ಗ್ರಾಂನದಕ್ಕಿಂತ 500 ಗ್ರಾಂನದು ಸುಮಾರು ಶೇ. 40ರಷ್ಟು ಜಾಸ್ತಿ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ತೂಕ ಇಳಿದಷ್ಟೂ ಒದೆತ ಏರುತ್ತದೆ, ನೇರ ಲೆಕ್ಕ. .32 ಏನೂ ರಾಕ್ಷಸನಲ್ಲ, ಸಣ್ಣ ಕಾಡತೂಸೇ. ಆದರೆ ನನ್ನದು ಐವತ್ತೆಂಟರ ಮಣಿಕಟ್ಟು, ಅದೂ ಮೂವತ್ತು ವರ್ಷ ಅಲೆನ್ ಕೀ ತಿರುಗಿಸಿದ್ದು. ಸದಾ ಸೊಂಟದಲ್ಲಿ ಇಟ್ಟುಕೊಂಡು ತಿರುಗುವವರಿಗೆ ಹಗುರವೇ ಸರಿ ಇರಬಹುದು. ನನ್ನದು ಹೆಚ್ಚು ಹೊತ್ತು ಲಾಕರಿನಲ್ಲಿ ಇರುವ ವಸ್ತು. ಉಕ್ಕಿನ, ಆರು ಗುಂಡಿನ ರಿವಾಲ್ವರ್ ಅಂತ ನಿರ್ಧಾರವಾಯಿತು.

ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಅಸಲಿ ಕೆಲಸ ಶುರುವಾದದ್ದೇ ಆಗ.

ಅಂಗಡಿಯವರ ಬಳಿ ಒಂದೇ ಮಾದರಿಯ ಮೂರು ಇದ್ದವು. "ಎಲ್ಲ ಒಂದೇ ಸಾಹೇಬ್, ಯಾವುದಾದ್ರೂ ತಗೊಳ್ಳಿ" ಅಂದರು. ಒಂದೇ ಡ್ರಾಯಿಂಗಿನಲ್ಲಿ ಆದ ಮೂರು ಪೀಸ್ ಒಂದೇ ಥರ ಇರುವುದಿಲ್ಲ ಅಂತ ನನಗೆ ಗೊತ್ತಿಲ್ಲವೇ? ಅವರ ಅನುಮತಿ ಕೇಳಿದೆ. ಮೂರನ್ನೂ ತೆರೆದು, ಖಾಲಿ ಇದೆ ಅಂತ ಅವರು ಒಮ್ಮೆ, ನಾನೊಮ್ಮೆ, ಸುಬೇದಾರ್ ಸಾಹೇಬರೊಮ್ಮೆ ನೋಡಿದೆವು. ಜೇಬಿನಿಂದ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು, ತೆಗೆದಾಗ ಅಂಗಡಿಯ ಹುಡುಗ ಬಾಯಿ ಬಿಟ್ಟು ನಿಂತ.

ಹ್ಯಾಮರನ್ನು, ಅಂದರೆ ಕಾಡತೂಸಿಗೆ ಬಡಿಯುವ ಹಿಂದಿನ ಕೊಂಡಿಯನ್ನು, ಹೆಬ್ಬೆರಳಿನಿಂದ ಬಹಳ ನಿಧಾನವಾಗಿ ಹಿಂದಕ್ಕೆ ಎಳೆಯಬೇಕು. ಹ್ಯಾಮರ್ ಪೂರ್ತಿ ಹಿಂದೆ ಬಂದು ನಿಲ್ಲುವಷ್ಟರಲ್ಲಿ ಸಿಲಿಂಡರ್ ತಿರುಗಿ ಬೀಗ ಹಾಕಿದಂತೆ ಕೂತಿರಬೇಕು. ಕೂರದಿದ್ದರೆ ಗುಂಡು ಬ್ಯಾರಲಿನ ಬಾಯಿಗೆ ನೇರವಾಗಿ ಹೋಗುವುದಿಲ್ಲ, ಸೀಸ ಕೆರೆದು ಪಕ್ಕಕ್ಕೆ ಸಿಡಿಯುತ್ತದೆ. ಇದನ್ನು ಆರೂ ಕೋಣೆಗಳಿಗೆ ಮಾಡಬೇಕು. ಮೊದಲ ರಿವಾಲ್ವರಿನಲ್ಲಿ ಐದು ಕೋಣೆ ಸರಿ, ಒಂದು ತಡ. ಎರಡು ಸಲ ಮಾಡಿದರೂ ಅದೇ. ಬದಿಗಿಟ್ಟೆ.

ಎರಡನೆಯದರ ಕೀಲಿನಲ್ಲಿ ಸಡಿಲಾಟ ಇತ್ತು. ಮೇಲಿನಿಂದ ತೆರೆಯುವ ಮಾದರಿಯಲ್ಲಿ ಇಡೀ ಪ್ರಾಣ ಇರುವುದು ಕೀಲು ಮತ್ತು ಮೇಲಿನ ಚಿಲಕದಲ್ಲಿ. ಮುಚ್ಚಿ ಹಿಡಿದು ಬ್ಯಾರಲನ್ನು ಅಡ್ಡಡ್ಡ ತಿರುಚಿದರೆ ಕೈಗೆ ಟಿಕ್ ಅಂತ ಗೊತ್ತಾಗುತ್ತದೆ. ಸಿಲಿಂಡರ್ ಮತ್ತು ಬ್ಯಾರಲ್ ನಡುವಿನ ಸಂದಿಯಲ್ಲಿ 0.30 ಮಿ.ಮೀ. ಎಲೆ ಸಲೀಸಾಗಿ ಹೋಯಿತು. ಅದು ಜಾಸ್ತಿ. ಮೂರನೆಯದರಲ್ಲಿ 0.15 ಹೋಯಿತು, 0.20 ಹೋಗಲಿಲ್ಲ. ಆರೂ ಕೋಣೆ ಸಮಯಕ್ಕೆ ಕೂತವು. ಆದರೆ ಬಾಯಿಯ ಹತ್ತಿರ ಬ್ಲೂಯಿಂಗ್ ಮೇಲೆ ಉಗುರಿನಷ್ಟುದ್ದದ ಗೀರು. ಹೊಸದಕ್ಕೆ ಗೀರು! ಮನಸ್ಸು ಹಿಂಜರಿಯಿತು.

ಸುಬೇದಾರ್ ಸಾಹೇಬರು ನನ್ನ ಮುಖ ನೋಡಿದರು. "ಎತ್ತು ಕೊಳ್ಳಾಗ ಕೊಂಬಿನ ಬಣ್ಣ ನೋಡ್ತೀರೇನ್ರಿ? ಹಲ್ಲು ನೋಡಿದ್ರಿ, ಕಾಲು ನೋಡಿದ್ರಿ. ರೊಕ್ಕ ಕೊಡ್ರಿ."

ಕೊಟ್ಟೆ. ಬಿಲ್ಲಿನ ನಂಬರು, ಫ್ರೇಮ್ ಮೇಲಿನ ನಂಬರು ಎರಡನ್ನೂ ಅಕ್ಷರ ಅಕ್ಷರ ಕೂಡಿಸಿ ನೋಡಿದೆ. ಲೈಸೆನ್ಸ್‌ನಲ್ಲಿ ಬರೆಯುವಾಗ ಒಂದು ಅಂಕಿ ತಪ್ಪಿದರೂ ಮುಂದೆ ನವೀಕರಣದ ಹೊತ್ತಿಗೆ ತಲೆನೋವು. ಪೊಲೀಸರಿಗೆ ತೋರಿಸಿ ದಾಖಲು ಮಾಡಿಸಿದ್ದೂ ಆಯಿತು.

ಟ್ರಿಗರ್ ಬಗ್ಗೆ ಮಾತ್ರ ಅಂಗಡಿಯಲ್ಲಿ ಸರಿಯಾಗಿ ಯೋಚಿಸಲಿಲ್ಲ, ಅದು ನನ್ನದೇ ತಪ್ಪು. ಹ್ಯಾಮರ್ ಎಳೆದಿಟ್ಟು ಒತ್ತಿದರೆ ಸಲೀಸು. ಹಾಗೇ ಒತ್ತಿದರೆ ಬಲು ಬಿಗಿ. ಮನೆಯಲ್ಲಿ ಖಾಲಿ ರಿವಾಲ್ವರಿಗೆ ಡಮ್ಮಿ (ಮದ್ದಿಲ್ಲದ ನಕಲಿ ಕಾಡತೂಸು) ಹಾಕಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದೆ. ಐದು ಕಿಲೋ ದಾಟಿತು. ರೇಂಜಿನಲ್ಲಿ ಹಾರಿಸಿದ ಮೊದಲ ಆರರಲ್ಲಿ ಎರಡು ಕಾಗದದ ಹೊರಗೇ ಹೋದವು, ಎರಡೂ ಎಡಕ್ಕೆ, ಕೆಳಕ್ಕೆ. ಅಂಗಡಿಯಲ್ಲೇ ಡಮ್ಮಿ ಹಾಕಿ ಹತ್ತು ಸಲ ಒತ್ತಿ ನೋಡಿದ್ದರೆ ಬೆರಳು ಮೊದಲೇ ಹೇಳುತ್ತಿತ್ತು.

ಹಾರಿಸಿದ ಕಾಡತೂಸುಗಳ ಖಾಲಿ ಹಿತ್ತಾಳೆ ಆರಿಸುವಾಗ ಬುಡದ ಮೇಲೆ ಕೆ.ಎಫ್. ಅಂತ ಕಂಡಿತು. ಖಡಕಿ ಫ್ಯಾಕ್ಟರಿ. 1869ರಿಂದ ಇರುವ ಮದ್ದುಗುಂಡಿನ ಕಾರ್ಖಾನೆ. ಮೂವತ್ತು ವರ್ಷ ಖಡಕಿ ದಾಟಿ ಓಡಾಡಿದ್ದೇನೆ, ಆ ಗೋಡೆಯ ಆಚೆ ಏನು ಕಡಿಯುತ್ತಾರೆ ಅಂತ ಕೈಯಲ್ಲಿ ಹಿಡಿದು ನೋಡಿದ್ದು ಅವತ್ತೇ.

ಅಂದಹಾಗೆ, ಪೂರ್ತಿ ಲೋಹದ್ದು ಅಂದೆನಲ್ಲ, ಹಿಡಿಯ ಎರಡು ತಟ್ಟೆ ಪ್ಲಾಸ್ಟಿಕ್. ನನ್ನ ಅಂಗೈ ತಾಗುವುದು ಅದಕ್ಕೇ. ಕೊಂಡು ಮೂರು ದಿನದ ಮೇಲೆ ಗಮನಕ್ಕೆ ಬಂತು, ಹೆಂಡತಿಗೆ ಇನ್ನೂ ಹೇಳಿಲ್ಲ. ಬೆವರು ಇಳಿದು ನಿಲ್ಲುವುದು ಆ ತಟ್ಟೆಗಳ ಅಡಿಯಲ್ಲೇ. ಮೊದಲ ಮಳೆಗಾಲದಲ್ಲಿ ತಿರುಪು ಬಿಚ್ಚಿ ನೋಡಿದಾಗ ಫ್ರೇಮ್ ಮೇಲೆ ಕೆಂಪು ಚುಕ್ಕೆ ಶುರುವಾಗಿತ್ತು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಬಿಚ್ಚಿ, ಒರೆಸಿ, ಎಣ್ಣೆಯ ಬಟ್ಟೆ ಆಡಿಸಿ ಮತ್ತೆ ಕೂರಿಸುತ್ತೇನೆ.