ಪಾಸ್ ಮೊದಲು, ಬೆಟ್ಟ ಆಮೇಲೆ: ರಿಗಿಗೆ ಹೋದ ನನ್ನ ಅನುಭವ

ಬೇಸಿಗೆಯಲ್ಲಿ ಅಪ್ಪ-ಅಮ್ಮ ಜ್ಯೂರಿಕ್‌ಗೆ ಬಂದರೆ ಎಲ್ಲರೂ ಹೇಳೋದು ಒಂದೇ: ಯುಂಗ್‌ಫ್ರಾವ್ ಹಿಮಬೆಟ್ಟಕ್ಕೆ ಕರ್ಕೊಂಡು ಹೋಗಿ. ತಲೆಗೆ 200 ಫ್ರಾಂಕ್ ದಾಟುತ್ತದೆ. ಮೋಡ ಮುಚ್ಚಿತೋ, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಹೋದ ವರ್ಷ ಬೇರೊಂದು ಬೆಟ್ಟಕ್ಕೆ ದುಬಾರಿ ಟಿಕೆಟ್ ತೆಗೆದು, ಮೋಡದೊಳಗೆ ನಿಂತು ಕಾಫಿ ಕುಡಿದು ಇಳಿದಿದ್ದೆವು. ಒಂದೊಂದು ಕಪ್ ಎಷ್ಟು ಬಿತ್ತು ಅನ್ನೋ ಲೆಕ್ಕ ಬೇಡ ಬಿಡಿ.

ಈ ಸಲ ಬೆಟ್ಟದ ಟಿಕೆಟ್ಟೇ ತಗೊಳ್ಳಲಿಲ್ಲ. ಒಂದು ದಿನ ದೇಶವಿಡೀ ಓಡಾಡಲು ನಡೆಯುವ ಸೇವರ್ ಡೇ ಪಾಸ್ ತಿಂಗಳುಗಟ್ಟಲೆ ಮೊದಲೇ ತಗೊಂಡೆ. ಅಪ್ಪ-ಅಮ್ಮನಿಗೆ ತಲೆಗೆ 52 ಫ್ರಾಂಕ್, ಹಾಫ್ ಫೇರ್ (ಅರ್ಧ ದರದ ಕಾರ್ಡ್) ಇರುವ ನಮ್ಮಿಬ್ಬರಿಗೆ 29, ಮಗನಿಗೆ ಮಕ್ಕಳ ಜೂನಿಯರ್ ಕಾರ್ಡ್. ಲುಸರ್ನ್ ಸರೋವರದ ದೋಣಿ, ಅದರ ದಡದ ರಿಗಿ ಬೆಟ್ಟದ ರೈಲು ಎರಡೂ ಅದರಲ್ಲೇ ಬರುತ್ತವೆ. ಪಕ್ಕದ ಪಿಲಾಟುಸ್ ಬೆಟ್ಟ ಬರಲ್ಲ.

"ಮಳೆ ಬಂದ್ರೆ ದುಡ್ಡು ವಾಪಸ್ ಇಲ್ಲ ಕಣ್ರೀ" ಅಂತ ಗೆಳೆಯರು ನಕ್ಕರು. ವಾಪಸ್ ಯಾಕೆ ಬೇಕು? ರಿಗಿಯಲ್ಲಿ ಮೋಡ ಇದ್ದರೆ ಅದೇ ಪಾಸಿನಲ್ಲಿ ಗೊಟ್ಹಾರ್ಡ್ ಸುರಂಗ ದಾಟಿ ದಕ್ಷಿಣದ ಲುಗಾನೊ ಊರಿಗೆ. ಆಲ್ಪ್ಸ್‌ನ ಉತ್ತರಕ್ಕೆ ಮೋಡ ಕಟ್ಟಿದ ದಿನ ದಕ್ಷಿಣದಲ್ಲಿ ಎಷ್ಟೋ ಸಲ ಬಿಸಿಲಿರುತ್ತದೆ.

ಆ ದಿನ ಬೆಳಿಗ್ಗೆ ನಮ್ಮ ಕಿಟಕಿಯಾಚೆ ಬರೀ ಬೂದಿ ಬಣ್ಣ. ರಿಗಿಯ ತುದಿ ಕುಲ್ಮ್‌ನ ವೆಬ್‌ಕ್ಯಾಮ್‌ನಲ್ಲಿ ಮಾತ್ರ ಬಿಸಿಲು, ಮೋಡವೆಲ್ಲ ಕೆಳಗೆ. ಹೊರಟೆವು. ಲುಸರ್ನ್‌ನಿಂದ ಒಂದು ಗಂಟೆ ದೋಣಿ, ವಿಟ್ಸ್‌ನಾವ್‌ನಲ್ಲಿ ಇಳಿದರೆ ಎದುರಿಗೇ ರೈಲು. 1871ರ ಲೈನು, ಯುರೋಪಿನ ಮೊದಲ ಬೆಟ್ಟದ ರೈಲು. ಊಟಿ ರೈಲು ಹತ್ತಿದ್ದ ಅಪ್ಪ ಬಗ್ಗಿ ಬಗ್ಗಿ ಹಳಿ ನೋಡಿದರು. ಅಲ್ಲಿ ಹಲ್ಲಿನ ಪಟ್ಟಿ, ಇಲ್ಲಿ ಹಳಿಗಳ ಮಧ್ಯೆ ಕಬ್ಬಿಣದ ಏಣಿಯನ್ನೇ ಮಲಗಿಸಿದ್ದಾರೆ. ಚಕ್ರದ ಹಲ್ಲು ಒಂದೊಂದೇ ಮೆಟ್ಟಿಲು ಕಚ್ಚಿಕೊಂಡು ಹತ್ತುತ್ತದೆ. ಯಾವ ಕಡೆ ಕೂರಬೇಕು ಅಂತ ಮಾತ್ರ ಬರೆಯಲ್ಲ. ಬರೆದರೆ ಮುಂದಿನ ಸಲ ನನಗೇ ಸೀಟಿರಲ್ಲ!

ಮಗನದ್ದು ಬೇರೆಯೇ ಪ್ರಯೋಗ. ದೋಣಿಯಲ್ಲಿ ಮೆತ್ತಗಿದ್ದ ಚಿಪ್ಸ್ ಪ್ಯಾಕೆಟ್ ಮೇಲೆ ಬರುವಷ್ಟರಲ್ಲಿ ಬಿರಿಯುವ ಹಾಗೆ ಉಬ್ಬಿತ್ತು. ಸರೋವರ 434 ಮೀಟರ್ ಎತ್ತರದಲ್ಲಿ, ಕುಲ್ಮ್ 1798, ಗಾಳಿಯ ಒತ್ತಡ ಅಷ್ಟು ಇಳಿಯುತ್ತದೆ. ಮೊಸರನ್ನದ ಡಬ್ಬಿಯೂ ಮುಚ್ಚಳ ಎತ್ತಿದಾಗ ಟಪ್ ಅಂದಿತು. ಅಮ್ಮನಿಗೆ ಮೊಸರು ಹುಳಿ ಬಂತೇನೋ ಅನ್ನೋ ಚಿಂತೆ.

ಇಳಿಯುವಾಗ ಗೋಲ್ಡಾವ್ ಕಡೆಯ ಲೈನು ಹಿಡಿದೆವು, ಬಂದ ದಾರಿ ಮತ್ತೆ ನೋಡೋದು ಬೇಡ ಅಂತ. ಐಸ್‌ಕ್ರೀಂ ಸೇರಿ ಇಡೀ ಮನೆಗೆ 200 ಫ್ರಾಂಕ್ ಒಳಗೇ ಮುಗಿಯಿತು. ನಕ್ಕ ಗೆಳೆಯರಲ್ಲಿ ಇಬ್ಬರು ಆಗಸ್ಟಿಗೆ ಪಾಸ್ ತಗೊಂಡಿದ್ದಾರೆ. ತಡ ಮಾಡಿದ್ದಕ್ಕೆ ತಲೆಗೆ 80ರ ಹತ್ತಿರ ಕೊಟ್ಟರಂತೆ.