ಲಂಟಾನ ಕಡ್ಡಿಯ ಕುರ್ಚಿ

ಮಲೆ ಮಹದೇಶ್ವರ ಬೆಟ್ಟದ ಒಂದು ಸೋಲಿಗರ ಪೋಡಿನಲ್ಲಿ (ಹಾಡಿಯಲ್ಲಿ) ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು, ಮೈ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಆರು ವರ್ಷದ ಹುಡುಗಿಗೆ ಥೆರಪಿ ಕೊಡುತ್ತಿದ್ದೆ. ಪೇಟೆಯಿಂದ ತರಿಸಿದ ಗಾಲಿ ಕುರ್ಚಿ ಮಣ್ಣಿನ ನೆಲದ ಮೇಲೆ ನೆಟ್ಟಗೆ ನಿಲ್ಲಲೇ ಇಲ್ಲ. ಮಲಗಿಸಿಯೇ ಊಟ, ಪ್ರತಿ ತುತ್ತಿಗೂ ಕೆಮ್ಮು.

ಅವಳಪ್ಪ ಕಾಡಲ್ಲಿ ಹಬ್ಬುವ ಲಂಟಾನ ಅನ್ನೋ ಕಳೆಗಿಡದ ಕಡ್ಡಿಯಲ್ಲಿ ಕುರ್ಚಿ, ಸ್ಟೂಲ್ ಮಾಡುತ್ತಾರೆ ಅಂತ ಗೊತ್ತಾಗಿದ್ದು ಮೂರನೇ ಭೇಟಿಯಲ್ಲಿ. ಮೊದಲೇ ಕೇಳಬೇಕಿತ್ತು ಅಲ್ವಾ! ಅಳತೆ ಹೇಳಿದೆ: ಸೊಂಟ, ಮಂಡಿ ಎರಡೂ 90 ಡಿಗ್ರಿ, ಪಾದ ಪೂರ್ತಿ ಊರಬೇಕು, ತೊಡೆಗಳ ನಡುವೆ ಒಂದು ಗೂಟ. ಅವರು ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ ಎರಡೇ ದಿನದಲ್ಲಿ ಕಟ್ಟಿಬಿಟ್ಟರು. ಗೂಟಕ್ಕೆ ಹಳೇ ಸೀರೆ ಸುತ್ತಿದೆವು, ಚಮಚದ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದೆವು.

ಮುಂದಿನ ವಾರ ಹೋದಾಗ ಒಲೆ ಪಕ್ಕ ಕೂತು, ಅಜ್ಜಿ ಕಾಸಿದ ರಾಗಿ ಗಂಜಿಯನ್ನು ತಾನೇ ಎತ್ತಿ ಬಾಯಿಗಿಟ್ಟಳು. ಅರ್ಧ ಚೆಲ್ಲಿತು. ಕೆಮ್ಮು ಬರಲಿಲ್ಲ.