ಬೂನ್ ವಂಶಾವಳಿ: ಹೆಸರಿಗಿಂತ ಚಕ್ಕುಬಂದಿ ಗಟ್ಟಿ

ಅಮೆರಿಕದ ಕೆಂಟಕಿ ಸೀಮೆಗೆ ದಾರಿ ಮಾಡಿದ ಹದಿನೆಂಟನೇ ಶತಮಾನದ ವಲಸೆಗಾರ ಡೇನಿಯಲ್ ಬೂನ್‌ನ ಮನೆತನದ ವಂಶಾವಳಿ ಕಟ್ಟುವಾಗ ಮೊದಲು ಕಾಟ ಕೊಡುವುದು ಹೆಸರು. ಅಪ್ಪನೂ ಸ್ಕ್ವೈರ್, ತಮ್ಮನೂ ಸ್ಕ್ವೈರ್. ಅದು ಪದವಿಯಲ್ಲ, ಇಟ್ಟ ಹೆಸರೇ. ಡೇನಿಯಲ್‌ಗೆ ಇಸ್ರೇಲ್ ಎಂಬ ಅಣ್ಣನಿದ್ದ, ಇಸ್ರೇಲ್ ಎಂಬ ಮಗನೂ ಇದ್ದ. ಹಳೆಯ ಕಾಗದದಲ್ಲಿ ‘ಜೂನಿಯರ್’ ಎಂದು ಕಂಡ ಕೂಡಲೇ ಮಗ ಎಂದು ಬರೆದುಕೊಳ್ಳಬಾರದು. ಅದೇ ಸೀಮೆಯಲ್ಲಿ ಅದೇ ಹೆಸರಿನ ಹಿರಿಯ ಇನ್ನೊಬ್ಬನಿದ್ದ ಎಂದಷ್ಟೇ ಅರ್ಥವಿರಬಹುದು. ಅವನು ಚಿಕ್ಕಪ್ಪನೂ ಆಗಿರಬಹುದು.

ನಾನು ಹಿಡಿದದ್ದು ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿ. 1880ರ ಜನಗಣತಿಯಲ್ಲಿ ಮನೆ ಯಜಮಾನನಿಗೆ ಯಾರು ಏನಾಗಬೇಕು ಎಂಬುದು ಸಿಗುತ್ತದೆ. 1850ರದ್ದರಲ್ಲಿ ದಾಸ್ಯದಲ್ಲಿಲ್ಲದ ಎಲ್ಲರ ಹೆಸರು ಇದೆ, ಸಂಬಂಧ ಇಲ್ಲ. ಅದಕ್ಕೂ ಹಿಂದಿನವುಗಳಲ್ಲಿ ಯಜಮಾನನ ಹೆಸರು, ಉಳಿದವರ ತಲೆಲೆಕ್ಕ ಮಾತ್ರ. ಕೆಂಟಕಿಯ 1790 ಮತ್ತು 1800ರ ಪಟ್ಟಿಗಳು ಉಳಿದೇ ಇಲ್ಲ. ಅಲ್ಲಿಂದ ಹಿಂದಕ್ಕೆ ತೆರಿಗೆ ಪಟ್ಟಿಯೇ ಗತಿ.

ಈ ತೆರಿಗೆ ಪಟ್ಟಿಯನ್ನು ಹಲವರು ಹೆಸರು ನೋಡಿ ಮುಚ್ಚಿಡುತ್ತಾರೆ. ಅಸಲಿ ಮಾಲು ಇರುವುದು ಪಕ್ಕದ ಕಾಲಂಗಳಲ್ಲಿ. 21 ದಾಟಿದ ಬಿಳಿಯ ಗಂಡಸರೆಷ್ಟು, 16ರಿಂದ 21ರೊಳಗಿನವರೆಷ್ಟು, ಜಮೀನು ಯಾವ ಹಳ್ಳದ ಮೇಲಿದೆ, ಅದು ಮೊದಲು ಯಾರ ಹೆಸರಿಗೆ ಅಳತೆಯಾಗಿ ಪಟ್ಟಾ ಆಯಿತು, ಎಲ್ಲವೂ ಅಲ್ಲಿ ಸಿಗುತ್ತವೆ. ಹತ್ತು ಹನ್ನೆರಡು ವರ್ಷಗಳ ಸಾಲು ಒಂದರ ಕೆಳಗೊಂದು ಇಟ್ಟರೆ ಹುಡುಗ 16ಕ್ಕೆ ಎಣಿಕೆಗೆ ಬಂದದ್ದು, 21ಕ್ಕೆ ಸ್ವಂತ ಹೆಸರಿನಲ್ಲಿ ಕಾಣಿಸಿಕೊಂಡದ್ದು ತಿಳಿಯುತ್ತದೆ. ಹುಟ್ಟಿದ ವರ್ಷ ಅಂದಾಜಿಗೆ ಸಿಕ್ಕ ಹಾಗಾಯಿತು.

ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸುವುದು ಚಕ್ಕುಬಂದಿ. ಅಲ್ಲಿನ ಪತ್ರಗಳಲ್ಲಿ ‘ಬಿಳಿ ಓಕ್ ಮರದಿಂದ ಉತ್ತರಕ್ಕೆ 45 ಡಿಗ್ರಿ ಪೂರ್ವವಾಗಿ 160 ಪೋಲ್’ ಎಂಬ ಧಾಟಿಯ ಬರಹವಿರುತ್ತದೆ. ಒಂದು ಪೋಲ್ 16.5 ಅಡಿ. ನಮ್ಮ ಗುಂಟೆ 33 ಅಡಿ ಚೌಕವಲ್ಲವೇ, ಅದರ ಬಾಹುವಿನ ಸರಿಯರ್ಧ. ಗುಂಟೆಗೆ ನಾಲ್ಕು ಚದರ ಪೋಲ್, ಎಕರೆಗೆ 160. ನಾನು ಎ3 ಗ್ರಾಫ್ ಹಾಳೆಯಲ್ಲಿ ಪೋಲ್‌ಗೆ ಒಂದು ಮಿಲಿಮೀಟರ್ ಇಟ್ಟು ಕೋನಮಾಪಕದಿಂದ ಬರೆದೆ. 400 ಎಕರೆ ಚೌಕವಾಗಿದ್ದರೆ ಬಾಹು ಸುಮಾರು 253 ಪೋಲ್, ಹಾಳೆಯಲ್ಲಿ ಹಿಡಿಯುತ್ತದೆ. ಕೊನೆಯ ಗೆರೆ ಶುರುವಾದ ಮರಕ್ಕೆ ಬಂದು ಕೂಡದಿದ್ದರೆ, ನಕಲು ಮಾಡಿದ ಗುಮಾಸ್ತ ಒಂದು ಸಾಲು ಬಿಟ್ಟಿದ್ದಾನೆ ಅಥವಾ ಪೂರ್ವವನ್ನು ಪಶ್ಚಿಮ ಮಾಡಿದ್ದಾನೆ ಎಂದೇ ಮೊದಲ ಅನುಮಾನ. ನಕ್ಷೆಗಳನ್ನು ಕತ್ತರಿಸಿ ಅಕ್ಕಪಕ್ಕ ಜೋಡಿಸಿದಾಗ ನೆರೆಯವರು ಹೊರಬೀಳುತ್ತಾರೆ. ನೆರೆಯವರಲ್ಲಿ ಬೀಗರು ಇದ್ದೇ ಇರುತ್ತಾರೆ.

ತಾರೀಕು ಇನ್ನೊಂದು ಗುಂಡಿ. ಪೆನ್ಸಿಲ್ವೇನಿಯದಲ್ಲಿದ್ದಾಗ ಬೂನರು ಕ್ವೇಕರರು, ಅಂದರೆ ಒಂದು ಕ್ರೈಸ್ತ ಪಂಥದವರು. ತಿಂಗಳಿಗೆ ಹೆಸರು ಹೇಳದೆ ಸಂಖ್ಯೆ ಬರೆಯುವವರು. 1752ಕ್ಕೆ ಮುಂಚೆ ಅವರಿಗೆ ಮಾರ್ಚೇ ಮೊದಲ ತಿಂಗಳು. ಹಾಗಾಗಿ ಡೇನಿಯಲ್ ಹುಟ್ಟಿದ ‘1734, 8ನೇ ತಿಂಗಳು, 22’ ಆಗಸ್ಟ್ ಅಲ್ಲ, ಅಕ್ಟೋಬರ್. 1752ರಲ್ಲಿ ಬಂದ ಹೊಸ ಪಂಚಾಂಗಕ್ಕೆ 11 ದಿನ ಕೂಡಿಸಿದರೆ ನವೆಂಬರ್ 2. ನಾನು ಕಾಗದದಲ್ಲಿದ್ದದ್ದನ್ನು ಇದ್ದ ಹಾಗೇ ಒಂದು ಕಾಲಂನಲ್ಲಿ, ತಿದ್ದಿದ್ದನ್ನು ಇನ್ನೊಂದರಲ್ಲಿ ಬರೆಯುತ್ತೇನೆ. ಇಲ್ಲವಾದರೆ ಎರಡು ಸಲ ತಿದ್ದುವುದು ಗ್ಯಾರಂಟಿ.

ಜಮೀನು ಅಲ್ಲೇ ಇದ್ದರೂ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಬದಲಾಗುತ್ತದೆ. ಇದೇ ಪ್ರದೇಶ 1775ರಲ್ಲಿ ವರ್ಜೀನಿಯದ ಫಿನ್‌ಕ್ಯಾಸಲ್, ಮರುವರ್ಷದ ಕೊನೆಗೆ ಕೆಂಟಕಿ ಕೌಂಟಿ. 1780ರಲ್ಲಿ ಅದು ಫೆಯೆಟ್, ಜೆಫರ್ಸನ್, ಲಿಂಕನ್ ಎಂದು ಮೂರಾಯಿತು. 1792ರಲ್ಲಷ್ಟೇ ಪ್ರತ್ಯೇಕ ರಾಜ್ಯ. ಇಂದಿನ ಕೌಂಟಿಯ ಕಚೇರಿಯಲ್ಲಿ ಕಾಗದ ಸಿಗಲಿಲ್ಲವೆಂದರೆ ತಾಯಿ ಕೌಂಟಿಯಲ್ಲಿ ಹುಡುಕಬೇಕು.

ಅಪ್ಪನಿಂದ ಮಗನಿಗಷ್ಟೇ ಹೋಗುವ ವೈ ಡಿಎನ್‌ಎಯ ಪರೀಕ್ಷೆ ಈ ಬೂನ್ ಆ ಬೂನರಿಗೆ ಸೇರಿದವನೇ ಎಂಬುದಕ್ಕೆ ಆದೀತು, ಡೇನಿಯಲ್‌ನ ಸಂತತಿಯೋ ಅವನ ತಮ್ಮನದೋ ಎಂದು ಸಾಮಾನ್ಯವಾಗಿ ಹೇಳದು. ಅದಕ್ಕೆ ಮತ್ತೆ ಅಳತೆಯ ಕಾಗದಕ್ಕೇ ಬರಬೇಕು: ಕೆಳಗಡೆ ಸರ್ವೆಯರ್ ಸಹಿಯ ಪಕ್ಕ ಅಳತೆಯ ಸರಪಳಿ ಹಿಡಿದವರ ಹೆಸರುಗಳಿರುತ್ತವೆ. ಬಹಳ ಸಲ ಅವರು ಮಗ, ಅಳಿಯ, ಭಾವಮೈದುನ.